ಮನೆ ಕಂದಾಯ

ನಮ್ಮ ತಗಡೂರಿನಲ್ಲಿ ಜನ ಹೆದರುತ್ತಿದ್ದದ್ದು ಕಂದಾಯಕ್ಕಲ್ಲ, ಬಿಲ್ ಕಲೆಕ್ಟರಿಗೆ. ಸುಗ್ಗಿ ಮುಗಿದ ಮೇಲೆ ಸೈಕಲ್ ಏರಿ ಬರುತ್ತಿದ್ದ. ಖಾದಿ, ಸತ್ಯಾಗ್ರಹದ ತಗಡೂರು ರಾಮಚಂದ್ರರಾಯರ ಊರಿನವರು ನಾವು ಎಂದು ಎದೆಯುಬ್ಬಿಸುವ ಗಂಡಸರೆಲ್ಲ ಆ ಹೊತ್ತಿಗೆ ಹಿತ್ತಲಲ್ಲಿರುತ್ತಿದ್ದರು. ಅವ್ವ ಬಾಗಿಲಿಗೆ ಬಂದು, ‘ಭತ್ತ ಮಾರ್ಲಿ ಸ್ವಾಮಿ, ಕೊಡ್ತೀವಿ’ ಎನ್ನುತ್ತಿದ್ದಳು. ‘ಹಂಗಾರೆ ನಲ್ಲಿ ಕಿತ್ತಾಕ್ತೀನಿ ಕಣವ್ವ’ ಎಂದು ಗದರಿ ಅವನು ಮುಂದಿನ ಮನೆಗೆ ಹೋಗುತ್ತಿದ್ದ. ನಲ್ಲಿಯನ್ನೇನೂ ಕೀಳುತ್ತಿರಲಿಲ್ಲ. ಬಾಕಿಯೆಲ್ಲ ಸೇರಿದರೂ ಎರಡು ಮೂರು ದಿನದ ಕೂಲಿಯಷ್ಟಾಗುತ್ತಿತ್ತು. ಕಾರ್ಬನ್ ಇಟ್ಟು ಬರೆದ ರಶೀದಿಯ ಬೆನ್ನಿಗೆ ಅಪ್ಪ ಹಾಲಿನ ಲೆಕ್ಕ ಬರೆದಿಡುತ್ತಿದ್ದ.

ಆ ಕಾಲವೇ ಚೆನ್ನಾಗಿತ್ತು ಅನ್ನಲಾರೆ. ಕಂದಾಯ ಕಟ್ಟದ ಬೀದಿಯಲ್ಲಿ ಚರಂಡಿಯೂ ಇರಲಿಲ್ಲ.

ಈಗ ಅಣ್ಣನ ಮಗ ಪಟ್ಟಣದಲ್ಲಿ ಮನೆ ಕಟ್ಟಿಸಿದ್ದಾನೆ. ಅವನ ಬಾಗಿಲಿಗೆ ಯಾರೂ ಬರುವುದಿಲ್ಲ. ತಾನೇ ಅಳತೆ ತುಂಬಿ ಏಪ್ರಿಲಿನಲ್ಲಿ ಕಟ್ಟಿದರೆ ಶೇ. 5 ರಿಯಾಯಿತಿ, ಜೂನ್ ದಾಟಿದರೆ ತಿಂಗಳಿಗೆ ಶೇ. 2 ದಂಡ. ಅದರ ಮೇಲೆ ಆರೋಗ್ಯ, ಗ್ರಂಥಾಲಯ, ಭಿಕ್ಷುಕರ ಸೆಸ್ಸು. ಮೊದಲು ಮೂರು ವರ್ಷಕ್ಕೊಮ್ಮೆ ಕನಿಷ್ಠ ಶೇ. 15 ಏರುತ್ತಿತ್ತು, 2021ರ ತಿದ್ದುಪಡಿ ಬಂದ ಮೇಲೆ ವರ್ಷವೂ ಶೇ. 3ರಿಂದ 5. ಕೂಡಿಸಿ ನೋಡಿದರೆ ಹಳೆಯದೇನೂ ಅಗ್ಗವಲ್ಲ. ನನ್ನ ತಕರಾರು ಬುಡದ ಬಗ್ಗೆ. ತೆರಿಗೆಯನ್ನು ಈಗ ನೋಂದಣಿಯ ಮಾರ್ಗಸೂಚಿ ದರಕ್ಕೆ ಗಂಟು ಹಾಕಿದ್ದಾರೆ. 2023ರ ಅಕ್ಟೋಬರಿನಲ್ಲಿ ಆ ದರ ರಾಜ್ಯದಲ್ಲಿ ಸರಾಸರಿ ಶೇ. 30ರಷ್ಟು ಏರಿತು. ಪಕ್ಕದ ಸೈಟು ಮಾರಿದವನ ಕೈಗೆ ದುಡ್ಡು ಬರುತ್ತದೆ; ಮಾರದೆ ಅಲ್ಲೇ ಉಣ್ಣುತ್ತ ಮಲಗುವವನಿಗೆ ಬರುವುದು ಬಿಲ್ಲು ಮಾತ್ರ.

ಕೂಲಿಯ ಕಡೆ ನೋಡಿ. ರಾಜ್ಯದಲ್ಲಿ ನರೇಗಾ ಕೂಲಿ 2018–19ರಲ್ಲಿ ದಿನಕ್ಕೆ 249 ರೂಪಾಯಿ, ಮರುವರ್ಷವೂ ಅಷ್ಟೇ. 2023–24ರಲ್ಲಿ 309 ಇದ್ದದ್ದು 316 ಆಯಿತು. ಏಳು ರೂಪಾಯಿ, ಶೇಕಡಾ ಎರಡು ಚಿಲ್ಲರೆ. ಅದರ ಹಿಂದಿನ ವರ್ಷ ದೇಶದ ಬೆಲೆಯೇರಿಕೆ ಶೇ. 6 ದಾಟಿತ್ತು. ತೆರಿಗೆ ಇಷ್ಟಾದರೂ ಏರಲೇಬೇಕೆಂದು ಕಾನೂನೇ ಬರೆದಿಟ್ಟಿದೆ, ಕೂಲಿಗೆ ಅಂಥ ಕನಿಷ್ಠ ಏರಿಕೆಯನ್ನು ಯಾರೂ ಬರೆದಿಲ್ಲ.

ಅಣ್ಣನ ಮಗ ಮಹಡಿಯ ಎರಡು ಮನೆಗಳನ್ನು ಬಾಡಿಗೆಗೆ ಕೊಟ್ಟಿದ್ದಾನೆ. ಇರುವವರು ಕಾರ್ಖಾನೆಗಳಲ್ಲಿ ಕಾಂಟ್ರಾಕ್ಟ್ ಕೆಲಸದ ಹುಡುಗರು. ಈ ಸಲ ಕಂದಾಯ ವರ್ಷಕ್ಕೆ ಮುನ್ನೂರು ಚಿಲ್ಲರೆ ಜಾಸ್ತಿಯಾಯಿತು. ಅವನು ಬಾಡಿಗೆಯನ್ನು ಮನೆಯೊಂದಕ್ಕೆ ತಿಂಗಳಿಗೆ ಐನೂರು ಏರಿಸಿದ. ಕೇಳಿದ್ದಕ್ಕೆ, ‘ಕಂದಾಯ ಏರ್ಸವ್ರಲ್ಲ ಚಿಕ್ಕಪ್ಪ, ನಾನೇನ್ ಮಾಡ್ಲಿ’ ಅಂದ.