ಟ್ರೇಲರಿಗೂ ಒಂದು ಲೈಸೆನ್ಸು ಬೇಕೆ?

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸುತ್ತಿನ ಹಳ್ಳಿಗಳಲ್ಲಿ ಟ್ರಾಕ್ಟರು ಉಳುವುದು ವರ್ಷದಲ್ಲಿ ಕೆಲವೇ ವಾರ. ಮಿಕ್ಕ ದಿನಗಳಲ್ಲೆಲ್ಲ ಅದರ ಕೆಲಸ ಎಳೆಯುವುದೇ. ರಾಗಿ ತೆನೆ, ಹುಲ್ಲು, ಗೊಬ್ಬರ, ತೆಂಗಿನಕಾಯಿ, ಮಾವು, ಇಟ್ಟಿಗೆ, ಸೈಜುಗಲ್ಲು, ಕೊನೆಗೆ ಶಾಮಿಯಾನದ ಕಂಬ ಕೂಡ ಟ್ರೇಲರನ್ನೇರಿ ಬರುತ್ತವೆ. ಹಿಂದೆ ಎತ್ತಿನ ಗಾಡಿ ಹೊತ್ತಿದ್ದ ಸಂಸಾರವನ್ನೆಲ್ಲ ಈಗ ಹೊತ್ತಿರುವುದು ಇದೇ. ಟ್ರಾಕ್ಟರು ಓಡಿಸಲು ಲೈಸೆನ್ಸು ಬೇಕೆಂಬುದು ಎಲ್ಲರಿಗೂ ಗೊತ್ತು. ಆದರೆ ಅದರ ಹಿಂದೆ ಕುಲುಕುತ್ತ ಬರುವ ಗಾಡಿಗೆ?

1988ರ ಮೋಟಾರು ವಾಹನ ಕಾಯಿದೆಯಲ್ಲಿ ಇದರ ಬಗ್ಗೆ ಸ್ವಾರಸ್ಯದ ಮಾತುಗಳಿವೆ. ಟ್ರಾಕ್ಟರು ಎಂದರೆ ತಾನೇ ಹೊರೆ ಹೊರುವುದಕ್ಕಾಗಿ ಮಾಡಿರದ ವಾಹನ. ಟ್ರೇಲರಿಗೆ ಎಂಜಿನ್ನೇ ಇಲ್ಲ; ಆದರೂ ಕಾಯಿದೆಯ ಕಣ್ಣಿಗೆ ಅದೂ ಮೋಟಾರು ವಾಹನವೇ! ಹೀಗಾಗಿ ಅದಕ್ಕೂ ಬೇರೆ ನೋಂದಣಿ, ಬೇರೆ ನಂಬರು. ಹೊರೆ ಹೊರದ ಒಂದು, ತಾನಾಗಿ ಓಡದ ಇನ್ನೊಂದು, ಎರಡನ್ನೂ ಒಂದು ಪಿನ್ನು ಸಿಕ್ಕಿಸಿ ಕೂಡಿಸಿದರೆ ಊರೇ ಸಾಗುತ್ತದೆ.

ಚಾಲಕನಿಗೆ ಮಾತ್ರ ಎರಡು ಲೈಸೆನ್ಸು ಬೇಕಿಲ್ಲ. ಖಾಲಿ ತೂಕ 7,500 ಕಿಲೋ ಮೀರದ ಟ್ರಾಕ್ಟರು ಲಘು ವಾಹನದ ಗುಂಪಿಗೆ ಸೇರುತ್ತದೆ. ಹದಿನೆಂಟು ತುಂಬಿರಬೇಕು, ಎಲ್.ಎಲ್.ಆರ್. ಪಡೆದು ಒಂದು ತಿಂಗಳು ಕಳೆದ ಮೇಲೆ ಪರೀಕ್ಷೆ. ಕಲಿಯುವವನ ಪಕ್ಕದಲ್ಲಿ ಲೈಸೆನ್ಸುಳ್ಳವನೊಬ್ಬ, ಗಾಡಿಯನ್ನು ನಿಲ್ಲಿಸಬಲ್ಲಂಥ ಜಾಗದಲ್ಲಿ ಕೂತಿರಬೇಕೆಂಬುದು ನಿಯಮ. ಟ್ರಾಕ್ಟರಿಗೋ ಇರುವುದು ಒಂದೇ ಸೀಟು. ಗುರುವಿನ ಪೀಠ ಮಡ್‌ಗಾರ್ಡ್ ಮೇಲೆಯೇ. ಅಲ್ಲಿಂದ ಬ್ರೇಕು ಅವನ ಕಾಲಿಗೆ ಎಟುಕುವುದಿಲ್ಲ, ಬೈಗುಳವಷ್ಟೇ ಶಿಷ್ಯನ ಕಿವಿಗೆ ಎಟುಕುತ್ತದೆ.

ಟ್ರೇಲರು ಸಿಕ್ಕಿಸಿದೊಡನೆ ಆ ಲೈಸೆನ್ಸು ಕೆಲಸಕ್ಕೆ ಬಾರದಂತಾಗುತ್ತದೆಯೆ? ಅಪಘಾತವಾದಾಗ ವಿಮಾ ಕಂಪನಿಗಳು ಹಾಗೆಂದು ವಾದಿಸಿದ್ದುಂಟು. ಕರ್ನಾಟಕದಿಂದ ಹೋದ ಇಂಥದೇ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2001ರಲ್ಲಿ ಉತ್ತರ ಕೊಟ್ಟಿತು: ಟ್ರಾಕ್ಟರು ಓಡಿಸುವ ಲೈಸೆನ್ಸು ಇದ್ದವನು ಟ್ರೇಲರು ಕಟ್ಟಿದ ಮಾತ್ರಕ್ಕೆ ಲೈಸೆನ್ಸು ಇಲ್ಲದವನಾಗುವುದಿಲ್ಲ. ಲಘು ವಾಹನದ ಲೈಸೆನ್ಸಿನಲ್ಲೇ 7,500 ಕಿಲೋ ಒಳಗಿನ ಸಾಗಣೆ ವಾಹನವನ್ನೂ ಓಡಿಸಬಹುದೆಂದು 2017ರಲ್ಲಿ ಬಂದ ತೀರ್ಪನ್ನು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ 2024ರ ನವೆಂಬರಿನಲ್ಲಿ ಎತ್ತಿಹಿಡಿಯಿತು.

ಇಲ್ಲಿಗೆ ಕಾಯಿದೆಯ ತೊಡಕು ಮುಗಿಯಿತು. ನಿಸರ್ಗದ ನಿಯಮ ಮಾತ್ರ ಯಾವ ತೀರ್ಪಿಗೂ ಬಗ್ಗುವುದಿಲ್ಲ.

ಎರಡು ಟನ್ನಿನ ಟ್ರಾಕ್ಟರು ಐದು ಟನ್ನಿನ ಟ್ರೇಲರನ್ನು ಎಳೆಯುತ್ತಿದೆ ಎನ್ನಿ. ನಿಲ್ಲಿಸಬೇಕಾದದ್ದು ಏಳು ಟನ್ನನ್ನು. ಟ್ರೇಲರಿಗೆ ಬ್ರೇಕು ಇಲ್ಲವಾದರೆ ಆ ಭಾರವೆಲ್ಲ ಟ್ರಾಕ್ಟರಿನ ಹಿಂದಿನ ಎರಡು ಚಕ್ರಗಳ ಮೇಲೆ. ವೇಗ ಎರಡು ಪಟ್ಟಾದರೆ ಅಡಗಿಸಬೇಕಾದ ಶಕ್ತಿ ನಾಲ್ಕು ಪಟ್ಟು. ಕನಕಪುರದಿಂದ ಸಂಗಮಕ್ಕೆ ಹೋಗುವ ಹಾದಿಯಂಥ ಇಳಿಜಾರಿನಲ್ಲಿ ಗೇರು ತಪ್ಪಿಸಿ ಡೀಸೆಲ್ ಉಳಿಸಲು ಹೊರಟರೆ, ಅಲ್ಲಿಯವರೆಗೆ ಎಳೆಸಿಕೊಂಡು ಬಂದ ಟ್ರೇಲರು ತಾನೇ ತಳ್ಳಲು ತೊಡಗುತ್ತದೆ. ತಿರುವಿನಲ್ಲಾದರೆ ಎರಡೂ ಕತ್ತರಿಯ ಹಾಗೆ ಮಡಚಿಕೊಳ್ಳುತ್ತವೆ. ಇನ್ನೊಂದು ಸಂಗತಿ: ಹೊಲದ ಮೂಲೆಯಲ್ಲಿ ಗಕ್ಕನೆ ತಿರುಗಲು ಟ್ರಾಕ್ಟರಿಗೆ ಎಡ ಬಲ ಚಕ್ರಗಳಿಗೆ ಬೇರೆ ಬೇರೆ ಬ್ರೇಕ್ ಪೆಡಲು ಇರುತ್ತವೆ. ರಸ್ತೆಗೆ ಇಳಿಯುವ ಮುನ್ನ ಎರಡನ್ನೂ ಒಟ್ಟಿಗೆ ಕೂಡಿಸುವ ಕೊಂಡಿ ಹಾಕಬೇಕು. ಮರೆತು ಒಂದನ್ನೇ ಒತ್ತಿದರೆ ಗಾಡಿ ಒಂದು ಕಡೆಗೆ ಎಳೆದುಬಿಡುತ್ತದೆ.

ಹೊರದೇಶಗಳಲ್ಲಿ ಜನ ರಜೆ ಬಂದರೆ ಕಾರಿನ ಹಿಂದೆ ಮನೆಯಂಥ ಗಾಡಿ ಕಟ್ಟಿಕೊಂಡು ತಿರುಗುತ್ತಾರೆ. ಯೂರೋಪಿನ ಹಲವು ದೇಶಗಳಲ್ಲಿ ಕಾರಿನ ಸಾಮಾನ್ಯ ಲೈಸೆನ್ಸಿಗೆ 750 ಕಿಲೋ ಟ್ರೇಲರಿನ ಮಿತಿ. ಅದಕ್ಕಿಂತ ದೊಡ್ಡದಾದರೆ ಕಾರು ಟ್ರೇಲರು ಎರಡರ ಒಟ್ಟು ತೂಕ ನೋಡಿ ಬೇರೆ ತರಬೇತಿ, ಪರೀಕ್ಷೆ. ಬ್ರಿಟನ್ನಿನಲ್ಲಿ 1997ರಿಂದೀಚೆಗೆ ಕಾರಿನ ಪರೀಕ್ಷೆ ಪಾಸಾದವರಿಗೂ ದೊಡ್ಡ ಟ್ರೇಲರಿಗೆ ಇಂಥ ಪರೀಕ್ಷೆಯಿತ್ತು. 2021ರ ಡಿಸೆಂಬರಿನಲ್ಲಿ ಅದನ್ನು ಕೈಬಿಟ್ಟು 3,500 ಕಿಲೋವರೆಗೆ ಬಿಟ್ಟುಕೊಟ್ಟರು. ಟ್ರೇಲರು ಎಳೆಯುವುದು ಸುಲಭವಾಯಿತೆಂದಲ್ಲ. ಲಾರಿ ಚಾಲಕರ ಕೊರತೆಯಿಂದಾಗಿ ಪರೀಕ್ಷಕರ ಸಮಯ ಲಾರಿಯವರಿಗೆ ಬೇಕಾಗಿತ್ತು.

ನಮ್ಮಲ್ಲಿ ಪರೀಕ್ಷೆಗಿಂತ ಮೊದಲೇ ಓಡಿಸುವುದು ಆರಂಭವಾಗುತ್ತದೆ. ಹದಿನೈದರ ಹುಡುಗ ಸ್ಟೇರಿಂಗ್ ಹಿಡಿದರೆ ಅಪ್ಪನಿಗೆ ಹೆಮ್ಮೆ. "ನಿಧಾನಕ್ಕೆ ತಗೊಂಡ್ ಬಾರ್ಲಾ ಮಗ" ಎಂದು ಕಳಿಸುತ್ತಾನೆ. 2019ರ ತಿದ್ದುಪಡಿಯ ಪ್ರಕಾರ ಆ ಹುಡುಗ ತಪ್ಪು ಮಾಡಿದರೆ ಅಪ್ಪನಿಗೋ ಗಾಡಿಯ ಮಾಲೀಕನಿಗೋ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಹುಡುಗನಿಗೆ ಇಪ್ಪತ್ತೈದು ತುಂಬುವವರೆಗೆ ಲೈಸೆನ್ಸಿಲ್ಲ.

ಇದಕ್ಕಿಂತ ದೊಡ್ಡ ಗಂಡಾಂತರ ಜಾತ್ರೆ, ಮದುವೆಗಳ ದಿನ. ಕಬ್ಬಾಳಿಗೆ ಹರಕೆ ತೀರಿಸಲು ಹೊರಟರೆ "ಹತ್ತಕ್ಕ, ಜಾಗ ಐತೆ" ಎಂದು ಒಬ್ಬೊಬ್ಬರಾಗಿ ಹತ್ತಿಸಿಕೊಂಡು ಟ್ರೇಲರಿನಲ್ಲಿ ಅರ್ಧ ಬೀದಿಯೇ ಕೂತಿರುತ್ತದೆ. ಸರಕಿನ ವಾಹನದಲ್ಲಿ ಪುಕ್ಕಟೆ ಕೂತು ಹೋಗುವವರ ಹೊಣೆ ಕಡ್ಡಾಯ ವಿಮೆಯದಲ್ಲವೆಂದು ಸುಪ್ರೀಂ ಕೋರ್ಟು 2002ರಲ್ಲೇ ಹೇಳಿದೆ. ಟ್ರೇಲರು ಮಗುಚಿದರೆ ಪರಿಹಾರದ ಭಾರ ಬೀಳುವುದು ಮಾಲೀಕನ ಹೆಗಲಿಗೆ, ಅಂದರೆ ಅವನ ಎರಡೆಕರೆ ಜಮೀನಿಗೆ. ಉಪಕಾರ ಮಾಡಿದವನೂ ಉಪಕಾರ ಪಡೆದವರೂ ಒಂದೇ ಊರಿನವರು, ಬಹುಶಃ ನೆಂಟರು. ಆಮೇಲೆ ನ್ಯಾಯಾಲಯದಲ್ಲಿ ಎದುರು ಬದುರು ನಿಲ್ಲಬೇಕು.

2023ರ ಆಗಸ್ಟ್ 1ರಿಂದ ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯ ಪಥಕ್ಕೆ ಟ್ರೇಲರು ಇರಲಿ ಬಿಡಲಿ, ಟ್ರಾಕ್ಟರುಗಳಿಗೆ ಪ್ರವೇಶವಿಲ್ಲ. ರಾಮನಗರ, ಚನ್ನಪಟ್ಟಣದ ರೈತರಿಗೆ ಸರ್ವಿಸ್ ರಸ್ತೆಯೇ ಗತಿ. ಅಲ್ಲಿ ಬೈಕಿನವರೂ ಉಂಟು, ಶಾಲೆಯ ಮಕ್ಕಳೂ ಉಂಟು. ಕತ್ತಲಾದ ಮೇಲೆ ದೀಪವಿಲ್ಲದ, ಕೆಂಪು ಪ್ರತಿಫಲಕವಿಲ್ಲದ ಟ್ರೇಲರು ರಸ್ತೆ ಬದಿ ನಿಂತಿದ್ದರೆ ಹಿಂದಿನಿಂದ ಬರುವ ಬೈಕಿನವನಿಗೆ ಅದು ಗೋಡೆಗೆ ಸಮ.

ಕಾಯಿದೆ ಟ್ರೇಲರಿಗೆ ಬೇರೆ ಲೈಸೆನ್ಸು ಕೇಳದಿರುವುದು ರೈತನಿಗೆ ಅನುಕೂಲವೇ ಹೌದು. ಆದರೆ ಕೇಳದಿದ್ದುದನ್ನು ಕಲಿಯಬಾರದೆಂದೇನೂ ಇಲ್ಲ. ಸುಗ್ಗಿ ಮುಗಿದ ಬಯಲಿನಲ್ಲಿ ನಾಲ್ಕು ಗೂಟ ನೆಟ್ಟು ಟ್ರೇಲರನ್ನು ಹಿಂದಕ್ಕೆ ಬಿಡುವ ಅಭ್ಯಾಸ ಮಾಡಲಿ. ಟ್ರೇಲರಿನ ಹಿಂಬದಿ ಬಲಕ್ಕೆ ಹೋಗಬೇಕಾದರೆ ಸ್ಟೇರಿಂಗನ್ನು ಮೊದಲು ಎಡಕ್ಕೆ ತಿರುಗಿಸಬೇಕೆಂಬುದು ಕೈಗೆ ಹತ್ತಲು ಕೆಲವು ದಿನ ಬೇಕು. ಹಿಂಬದಿಗೆ ಕೆಂಪು ಪ್ರತಿಫಲಕ ಅಂಟಿಸಲಿ, ಪಿನ್ನು ಸವೆದಿದೆಯೇ ನೋಡಲಿ. ಜಾತ್ರೆಗೆ ಹೊರಟವರಿಗೆ ಬಸ್ಸಿನ ಹೊತ್ತು ಹೇಳಲಿ. ಅವರು ಒಂದು ದಿನ ಮುನಿಸಿಕೊಂಡಾರು. ಮಾರನೆಯ ದಿನ ಮಾತಾಡಿಸುತ್ತಾರೆ.