ಗುಲಗಂಜಿಯ ತೂಕ

ಸಂಸ್ಕೃತ ಸುಭಾಷಿತ ಪರಂಪರೆಯಲ್ಲಿ ಕಿರಾತ ಸ್ತ್ರೀಯೊಬ್ಬಳಿದ್ದಾಳೆ. ಆನೆಯ ಕುಂಭಸ್ಥಳದಲ್ಲಿ ಹುಟ್ಟಿದ ಮುತ್ತನ್ನು ಬಿಟ್ಟು ಆಕೆ ಗುಲಗಂಜಿಯನ್ನು ಧರಿಸುತ್ತಾಳೆ. ವಸ್ತುವಿನ ಗುಣವನ್ನರಿಯದವರಿಗೆ ಆಕೆಯೇ ನಿದರ್ಶನ. ‘ಚಾಣಕ್ಯನೀತಿ’ಯಲ್ಲಿ ಸೇರಿರುವ ಈ ಮಾತನ್ನು ದೃಷ್ಟಾಂತವಾಗಿ ಹೇಳುವುದು ಅಧ್ಯಾಪಕರ ರೂಢಿ. ಗಜಮೌಕ್ತಿಕವಂತೂ ಪ್ರಸಿದ್ಧ ಕವಿಸಮಯ. ಕಾಳಿದಾಸನ ‘ಕುಮಾರಸಂಭವ’ದ ಮೊದಲ ಸರ್ಗದಲ್ಲಿಯೇ ಕಿರಾತರು ಸಿಂಹದ ಉಗುರಿನಿಂದ ಉದುರಿದ ಮುತ್ತುಗಳಿಂದ ಅದರ ಜಾಡನ್ನು ಅರಿಯುತ್ತಾರೆ.

ಒಮ್ಮೆ ಈ ಪಾಠದ ನಡುವೆ, ಗುತ್ತಲದ ಕಡೆಯ ಲಂಬಾಣಿ ತಾಂಡಾದಿಂದ ಬರುತ್ತಿದ್ದ ವಿದ್ಯಾರ್ಥಿನಿಯೊಬ್ಬಳು ಎದ್ದುನಿಂತು, “ಸರ, ಆನಿ ತಲ್ಯಾಗ ಖರೇನ ಮುತ್ತು ಇರತಾವೇನ್ರಿ?” ಎಂದು ಕೇಳಿದಳು. ಇಲ್ಲವೆಂದೆ. “ಹಂಗಾದ್ರ ಆಕಿ ಬಿಟ್ಟದ್ದರ ಏನ್ರಿ?” ಎಂದಳು. ತರಗತಿ ನಕ್ಕಿತು. ಪ್ರಶ್ನೆ ಮಾತ್ರ ನಗುವಂಥದ್ದಾಗಿರಲಿಲ್ಲ. ಲೋಕದಲ್ಲಿಲ್ಲದ ಮುತ್ತನ್ನು ಆರಿಸಿಕೊಳ್ಳಲಿಲ್ಲವೆಂಬ ಕಾರಣಕ್ಕೆ ಕಾಡಿನ ಹೆಣ್ಣನ್ನು ಅಜ್ಞಳೆಂದು ಕರೆದ ಕಾವ್ಯನ್ಯಾಯವನ್ನೇ ಅದು ವಿಚಾರಣೆಗೆ ಒಡ್ಡಿತ್ತು.

ಆಕೆ ಆರಿಸಿಕೊಂಡ ಗುಲಗಂಜಿಯನ್ನಾದರೂ ನೋಡೋಣ. ಬಳ್ಳಿಯ ಕಾಯಿ ಒಣಗಿ ತಾನೇ ಬಿರಿದಾಗ ದೊರೆಯುವ ಕೆಂಪು ಬೀಜ. ತುದಿಯಲ್ಲಿ ಕಪ್ಪು ಬೊಟ್ಟು. ಒಳಗೆ ಘೋರ ವಿಷವಿದ್ದರೂ ಹೊರಗಿನ ಹೊಳಪು ಬೇಗ ಮಾಸದು. ಬೀಜಗಳ ತೂಕ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಅಕ್ಕಸಾಲಿಗರು ಚಿನ್ನವನ್ನು ತೂಗಿದ್ದು ಇದರಿಂದಲೇ. ತೊಂಬತ್ತಾರು ಗುಂಜಿಗೆ ಒಂದು ತೊಲೆ. ಗುಂಜಿಯೊಂದಕ್ಕೆ ಸುಮಾರು 0.12 ಗ್ರಾಂ. ಕಾಡಿನ ಹೆಣ್ಣಿನ ಕೊರಳಲ್ಲಿ ಅಜ್ಞಾನದ ಗುರುತಾದ ಬೀಜವೇ ನಗರದ ತಕ್ಕಡಿಯಲ್ಲಿ ಮೌಲ್ಯದ ಪ್ರಮಾಣವಾಯಿತು.

ಕವಡೆಯ ಕಥೆಯೂ ಹೀಗೆಯೇ. ‘ಕವಡೆ ಕಾಸಿನ ಕಿಮ್ಮತ್ತಿಲ್ಲ’ ಎಂದು ಹೀಗಳೆಯುವಾಗ ಅದು ಒಂದು ಕಾಲದ ನಾಣ್ಯವೆಂಬುದನ್ನು ನಾವು ಮರೆತರೂ ನುಡಿಗಟ್ಟು ಮರೆತಿಲ್ಲ. ಮಾಲ್ಡೀವ್ಸ್ ದ್ವೀಪಗಳಿಂದ ಹಡಗೇರಿ ಬಂದ ಕವಡೆಗಳು ಬಂಗಾಳದಲ್ಲಿ ಶತಮಾನಗಳ ಕಾಲ ಹಣವಾಗಿ ಚಲಾವಣೆಯಲ್ಲಿದ್ದವು. ಎತ್ತುಗಳ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ನಾಡಿನಿಂದ ನಾಡಿಗೆ ಸಾಗಿದ ಲಂಬಾಣಿಗರ ಉಡುಪಿನಲ್ಲಿ, ಕಡಲಿನಿಂದ ದೂರವಿರುವ ನಮ್ಮ ಹಾವೇರಿ ಸೀಮೆಯ ತಾಂಡಾಗಳಲ್ಲಿಯೂ, ಕವಡೆ ಉಳಿದುಬಂದಿದೆ. ಅದು ಬರಿಯ ಅಲಂಕಾರವಲ್ಲ; ವ್ಯಾಪಾರದ ಹಾದಿಗಳ ಕುರುಹು.

ಆ ವಿದ್ಯಾರ್ಥಿನಿಗೆ ಅಜ್ಜಿಯ ಒಡವೆಗಳನ್ನೇ ಕುರಿತು ಬರೆಯಲು ಹೇಳಿದೆ. ಘುಗ್ರಿ, ಹಾಂಸ್ಲಿ, ಬಳಿಯಾ ಎಂದು ಹೆಸರುಗಳನ್ನು ಬರೆದು, ಪ್ರತಿಯೊಂದರ ಮುಂದೆ ಅದನ್ನು ಮಾಡಿದ ವಸ್ತುವನ್ನೂ ನಮೂದಿಸಿ ತಂದಳು. ಬಳಿಯಾದ ಮುಂದೆ ಮೂರು ಪದಗಳಿದ್ದವು: ದಂತ, ಎಲುಬು, ಪ್ಲಾಸ್ಟಿಕ್. ಒಂದೇ ಸಾಲಿನಲ್ಲಿ ಮೂರು ಕಾಲಗಳು! 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 1986ರಲ್ಲಿ ಆದ ತಿದ್ದುಪಡಿ ಭಾರತೀಯ ಆನೆದಂತದ ವ್ಯಾಪಾರವನ್ನು ನಿಷೇಧಿಸಿತು. ಅಹಿಂಸೆಯ ದೃಷ್ಟಿಯಿಂದ ಅದು ಸ್ವಾಗತಾರ್ಹವೇ. ವಸ್ತು ಬದಲಾದರೂ ಬಳಿಯಾ ಎಂಬ ಹೆಸರು, ತೋಳಿನ ಮೇಲೆ ಅದರ ಸ್ಥಾನ ಬದಲಾಗಲಿಲ್ಲ ಎಂಬುದು ಸಂಶೋಧಕರು ಗಮನಿಸಬೇಕಾದ ಸಂಗತಿ.

ಉಜ್ಜಯಿನಿಯ ವಿಕ್ರಮಾದಿತ್ಯನ ವಂಶದವರೆಂದು ಹೇಳಿಕೊಂಡ ಗುತ್ತರಸರ ಚರಿತ್ರೆಯನ್ನು ನಾವು ಗುತ್ತಲದ ಶಾಸನಗಳಿಂದ ಬರೆಯುತ್ತೇವೆ. ಕಲ್ಲಿನ ಮೇಲೆ ಏನನ್ನೂ ಕೊರೆಸದ ಸಮುದಾಯಗಳು ತಮ್ಮ ಚರಿತ್ರೆಯನ್ನು ಮೈಮೇಲೆ ಹೊತ್ತು ನಡೆದಿವೆ. ಹಳಗನ್ನಡ ಕಾವ್ಯಗಳ ಬೇಟೆಯ ವರ್ಣನೆಗಳನ್ನು ಓದುವಾಗ ಬೇಡರು ತೊಟ್ಟದ್ದು ಏನು, ಅದು ಎಲ್ಲಿಂದ ಬಂತು, ಅದರ ಬೆಲೆ ಕಟ್ಟಿದವರು ಯಾರು ಎಂದು ಕೇಳಿಕೊಳ್ಳುವುದು ಒಳ್ಳೆಯದು. ಕವಿ ಕಂಡ ಮುತ್ತಿಗಿಂತ ಆ ಹೆಣ್ಣು ಪೋಣಿಸಿದ ಗುಲಗಂಜಿಯೇ ಹೆಚ್ಚು ನಂಬಲರ್ಹವಾದ ಆಕರ.