ಅಟ್ಟದಿಂದ ಇಳಿದ ಸಾಮಾನು ಹೋಗುವ ಊರು

ಯುಗಾದಿಗೋ ದೀಪಾವಳಿಗೋ ಸುಣ್ಣ ಬಣ್ಣ ಮಾಡಿಸುವ ಮನೆಗಳನ್ನು ನೋಡಿ. ಮೊದಲ ದಿನ ಅಟ್ಟದ ಮೇಲಿನ ಸಾಮಾನೆಲ್ಲ ಕೆಳಗಿಳಿಯುತ್ತದೆ. ಮೂರನೆಯ ದಿನ ಅದರಲ್ಲಿ ಮುಕ್ಕಾಲು ಪಾಲು ಮತ್ತೆ ಅಟ್ಟ ಹತ್ತುತ್ತದೆ. ಕಾಲು ಮುರಿದ ಸ್ಟೂಲು, ಹಿಡಿಯಿಲ್ಲದ ಸೂಟ್‌ಕೇಸು, ಬಾಯಿ ಕಟ್ಟಿದ ಟೇಪ್ ರೆಕಾರ್ಡರು, ಪೆಟ್ಟಿಗೆಯಂಥ ಹಳೆಯ ಟೀವಿ, ಹೀಗೆ ಪ್ರತಿಯೊಂದಕ್ಕೂ ಅಜ್ಜಿಯದೋ ಅಪ್ಪನದೋ ಶಿಫಾರಸು ಇದ್ದೇ ಇರುತ್ತದೆ. ‘ಇರಲಿ, ಯಾವತ್ತಾದರೂ ಬೇಕಾದೀತು’ ಎನ್ನುತ್ತಾರೆ. ಆ ‘ಯಾವತ್ತಾದರೂ’ ಮಾತ್ರ ಬರುವುದಿಲ್ಲ; ಮನೆ ಬದಲಾಯಿಸುವ ದಿನ ಬರುತ್ತದೆ. ಅಂದು ಎಲ್ಲವೂ ಒಮ್ಮೆಗೇ ಬೇಡವಾಗುತ್ತದೆ. ಗುಜರಿಯವರ ತಳ್ಳುಗಾಡಿ ಬಂದರೆ ಸರಿ, ಬಾರದಿದ್ದರೆ ಬೀದಿ ಕೊನೆಯ ಖಾಲಿ ನಿವೇಶನ ಇದ್ದೇ ಇದೆ.

ಹಾಗೆ ಹೊಸ್ತಿಲು ದಾಟಿದ ಸಾಮಾನು ಹೋಗುವುದಾದರೂ ಎಲ್ಲಿಗೆ? ಒಂಬತ್ತನೆಯ ತರಗತಿಗೆ ರಾಶಿ ಸಂರಕ್ಷಣಾ ನಿಯಮ ಪಾಠ ಮಾಡುತ್ತಿದ್ದಾಗ ಈ ಪ್ರಶ್ನೆ ಎದ್ದಿತು. ವಸ್ತುವನ್ನು ಸುಟ್ಟರೂ ಕುಟ್ಟಿದರೂ ಅದರ ದ್ರವ್ಯ ಇಲ್ಲವಾಗುವುದಿಲ್ಲ, ರೂಪ ಬದಲಿಸುತ್ತದೆ ಅಷ್ಟೆ ಎಂದು ಹದಿನೆಂಟನೆಯ ಶತಮಾನದ ಫ್ರೆಂಚ್ ವಿಜ್ಞಾನಿ ಲವಾಸಿಯೆಯ ಪ್ರಯೋಗ ವಿವರಿಸುತ್ತಿದ್ದೆ. ಎರಡನೆಯ ಬೆಂಚಿನ ಹುಡುಗಿ ಎದ್ದು ನಿಂತು, ‘ಸಾರ್, ಹಾಗಾದರೆ ನಮ್ಮ ಹಳೇ ಟೀವಿ ಈಗಲೂ ಎಲ್ಲೋ ಇರಬೇಕಲ್ಲ?’ ಎಂದಳು. ಇರಲೇಬೇಕು. ಅದನ್ನು ಹುಡುಕುವುದಾಗದಿದ್ದರೂ ಅದು ಹೋದ ದಾರಿಯನ್ನಾದರೂ ನೋಡೋಣವೆಂದು ರಜೆಯಲ್ಲಿ ಹೊರಟೆವು. ನಾಲ್ವರು ವಿದ್ಯಾರ್ಥಿಗಳು, ಜೊತೆಗೆ ಇಬ್ಬರು ತಂದೆಯರು.

ಅಯಸ್ಕಾಂತ ಜೇಬಿನಲ್ಲಿಟ್ಟ ವ್ಯಾಪಾರಿ

ಬೆಂಗಳೂರಿನ ಗುಜರಿ ನೋಡಬೇಕೆಂದರೆ ಜಾಲಿ ಮೊಹಲ್ಲಾಗೆ ಹೋಗಬೇಕು. 2017ರಿಂದ ಕೃಷ್ಣರಾಜೇಂದ್ರ ಮಾರುಕಟ್ಟೆಗೆ ಮೆಟ್ರೊ ರೈಲು ಬಂದಿರುವುದರಿಂದ ಪ್ರಯಾಣ ಸುಲಭ. ಇಳಿದು, ಎಸ್.ಪಿ. ರೋಡಿನ ಕಂಪ್ಯೂಟರ್ ಬಿಡಿಭಾಗಗಳ ಅಂಗಡಿಗಳ ಕಡೆಗೆ ನಡೆದರೆ ಅದರ ಪಕ್ಕದ ಗಲ್ಲಿಗಳಲ್ಲಿ ಬೇರೆಯೇ ಪ್ರಪಂಚ ತೆರೆದುಕೊಳ್ಳುತ್ತದೆ. ಗೋಣಿಚೀಲಗಳಲ್ಲಿ ಅಲ್ಯೂಮಿನಿಯಂ ಚೂರು, ತಕ್ಕಡಿಯ ಮೇಲೆ ತಾಮ್ರದ ತಂತಿಯ ಸಿಂಬೆ, ಗೋಡೆಗೊರಗಿಸಿದ ಹಿತ್ತಾಳೆ ಕೊಳಾಯಿಗಳ ರಾಶಿ. ಇಬ್ಬರು ಎದುರುಬದುರಾಗಿ ಬಂದರೆ ಒಬ್ಬರು ಪಕ್ಕಕ್ಕೆ ಸರಿಯಬೇಕು, ಅಷ್ಟು ಇಕ್ಕಟ್ಟು.

ಒಂದು ಅಂಗಡಿಯ ಯಜಮಾನರು ನಮ್ಮನ್ನು ಕೂರಿಸಿ ಚಹಾ ತರಿಸಿದರು. ಮಕ್ಕಳಿಗೆ ಅವರೇ ಅರ್ಧ ಗಂಟೆ ಪಾಠ ಮಾಡಿದರು ಎನ್ನಬಹುದು. ಜೇಬಿನಿಂದ ಪುಟ್ಟ ಅಯಸ್ಕಾಂತ ತೆಗೆದು ತಗಡಿಗೆ ಹಿಡಿದರು. ಅಂಟಿದರೆ ಕಬ್ಬಿಣ, ಅಂಟದಿದ್ದರೆ ಅಲ್ಯೂಮಿನಿಯಮ್ಮೋ ಒಳ್ಳೆಯ ಸ್ಟೇನ್‌ಲೆಸ್ ಸ್ಟೀಲೋ. ಮೋಟಾರಿನ ಸುರುಳಿಯನ್ನು ಚಾಕುವಿನಿಂದ ಒಂದಿಷ್ಟು ಕೆರೆದರು. ಒಳಗೆ ಕೆಂಪು ಕಂಡರೆ ತಾಮ್ರ, ಬಿಳಿ ಕಂಡರೆ ತಾಮ್ರದ ಬಣ್ಣದ ಅರಗು ಬಳಿದ ಅಲ್ಯೂಮಿನಿಯಂ. ‘ಮೇಷ್ಟ್ರೇ, ನಮಗೆ ಫ್ರಿಜ್ಜು ಅಂದರೆ ಫ್ರಿಜ್ಜಲ್ಲ. ಇಷ್ಟು ಕಬ್ಬಿಣ, ಇಷ್ಟು ತಾಮ್ರ, ಇಷ್ಟು ಪ್ಲಾಸ್ಟಿಕ್ಕು. ಆದರೆ ಓಡುವ ಫ್ರಿಜ್ಜನ್ನು ಒಡೆಯೋಕೆ ನಮಗೂ ಮನಸ್ಸು ಬರಲ್ಲ. ಒಂದು ಗ್ಯಾಸ್ಕೆಟ್ ಹಾಕಿಸಿದರೆ ಯಾರೋ ಬಡವರ ಮನೆಗೆ ಐದು ವರ್ಷ ಆಗುತ್ತೆ’ ಎಂದರು.

ಇದು ಗುಜರಿಯವರ ದೊಡ್ಡ ಗುಣ. ಒಂದು ವಸ್ತು ಇನ್ನೂ ವಸ್ತುವಾಗಿಯೇ ಉಳಿಯಬಲ್ಲದೇ ಎಂದು ಅವರು ಮೊದಲು ನೋಡುತ್ತಾರೆ. ತೇಗದ ಮಂಚ, ಬೀಟೆಯ ಕುರ್ಚಿ, ಕಬ್ಬಿಣದ ಬೀರು ಇವು ಇಲ್ಲಿ ಸಾಯುವುದಿಲ್ಲ. ಮೊಳೆ ಹೊಡೆಸಿಕೊಂಡು, ಪಾಲಿಶ್ ಮಾಡಿಸಿಕೊಂಡು ಇನ್ನೊಂದು ಮನೆ ಸೇರುತ್ತವೆ. ಲೋಹಗಳಿಗಂತೂ ಸಾವೇ ಇಲ್ಲ. ಅದಿರಿನಿಂದ ಹೊಸದಾಗಿ ಅಲ್ಯೂಮಿನಿಯಂ ತೆಗೆಯಲು ಬೇಕಾಗುವ ಶಕ್ತಿಯಲ್ಲಿ ಸುಮಾರು ಶೇ 5ರಷ್ಟು ಸಾಕು, ಹಳೆಯದನ್ನು ಕರಗಿಸಿ ಮತ್ತೆ ಬಳಸಲು.

ಹಾಗಾದರೆ ಇವರಿಗೂ ಬೇಡವಾದದ್ದು ಯಾವುದು? ‘ಸೋಫಾ’ ಎಂದರು ಯಜಮಾನರು, ತಡವಿಲ್ಲದೆ. ಬಟ್ಟೆ, ಸ್ಪಂಜು, ಪ್ಲೈವುಡ್ಡು, ಮೊಳೆ, ಅಂಟು ಎಲ್ಲ ಒಂದಕ್ಕೊಂದು ಹತ್ತಿಕೊಂಡಿರುವುದರಿಂದ ಬಿಚ್ಚುವ ಕೂಲಿಯೂ ಹುಟ್ಟುವುದಿಲ್ಲ. ನಮ್ಮ ಹಿರಿಯರ ಹತ್ತಿ ಹಾಸಿಗೆ ಗಟ್ಟಿಯಾದರೆ ಹಿಂಜುವವರು ಮನೆಬಾಗಿಲಿಗೇ ಬಂದು ಹತ್ತಿ ಹಿಂಜಿ, ಹೊಸ ಬಟ್ಟೆಯಲ್ಲಿ ತುಂಬಿ ಹೊಲಿದುಕೊಡುತ್ತಿದ್ದರು. ಸ್ಪಂಜಿನ ಹಾಸಿಗೆಯನ್ನು ಹಾಗೆ ಹಿಂಜಲು ಬರುವುದಿಲ್ಲ. ಮರದ ಹೊಟ್ಟನ್ನು ರಾಳದಲ್ಲಿ ಒತ್ತಿ ಮಾಡಿದ ಹಲಗೆಯ ಮೇಜು ಒಂದು ಮಳೆಗೆ ಊದಿಕೊಂಡು ಉದುರುತ್ತದೆ. ರಾಜಕಾಲುವೆಯಲ್ಲಿ, ಮೇಲ್ಸೇತುವೆಗಳ ಕೆಳಗೆ ಬಿದ್ದಿರುವುದು ಹೆಚ್ಚಾಗಿ ಇವೇ ಸಾಮಾನುಗಳು. ಹೊಸದನ್ನು ಕೊಳ್ಳುವಾಗಲೇ ‘ಇದನ್ನು ಬಿಚ್ಚಲು ಬರುತ್ತದೆಯೇ, ರಿಪೇರಿ ಮಾಡಲು ಬರುತ್ತದೆಯೇ’ ಎಂದು ಕೇಳಿದರೆ ಮುಂದಿನ ಅರ್ಧ ತೊಂದರೆ ತಪ್ಪೀತು.

ನೀರಿನ ತೊಟ್ಟಿಯಲ್ಲಿ ಆರ್ಕಿಮಿಡೀಸ್

ಎರಡನೆಯ ನಿಲ್ದಾಣ ಮೈಸೂರು ರಸ್ತೆಯ ನಾಯಂಡಹಳ್ಳಿ. ಮೆಜೆಸ್ಟಿಕ್‌ನಲ್ಲಿ ರೈಲು ಬದಲಿಸಿ ಕುಳಿತರೆ ಕಿಟಕಿಯ ಕೆಳಗೆ ಒಮ್ಮೊಮ್ಮೆ ವೃಷಭಾವತಿ ಕಾಣಿಸುತ್ತದೆ, ಅಥವಾ ನದಿಯೆಂಬ ಹೆಸರು ಹೊತ್ತ ಕಪ್ಪು ನೀರು. ನಗರದ ಪ್ಲಾಸ್ಟಿಕ್ ಗುಜರಿಯ ದೊಡ್ಡ ಪಾಲು ಬಂದು ಬೀಳುವ ಜಾಗ ಇದು. ಟೀವಿಯ ಹೊರಕವಚ, ವಾಷಿಂಗ್ ಮೆಷಿನ್ನಿನ ತೊಟ್ಟಿ, ಪ್ಲಾಸ್ಟಿಕ್ ಕುರ್ಚಿ, ಬಕೆಟ್ಟು ಎಲ್ಲವೂ ಬಣ್ಣ ಬಣ್ಣದ ಗುಡ್ಡಗಳಾಗಿ ನಿಂತಿವೆ.

ಒಂದು ಶೆಡ್ಡಿನಲ್ಲಿ ಐವತ್ತರ ಆಸುಪಾಸಿನ ಹೆಂಗಸೊಬ್ಬರು ಚೂರುಗಳನ್ನು ವಿಂಗಡಿಸುತ್ತಿದ್ದರು. ಬೆರಳಿನಿಂದ ತಟ್ಟಿ ಸದ್ದು ಕೇಳುವುದು, ಬಗ್ಗಿಸಿ ನೋಡುವುದು, ಬಲಕ್ಕೋ ಎಡಕ್ಕೋ ಎಸೆಯುವುದು. ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಕೆಲಸ ಮುಗಿಯುತ್ತಿತ್ತು. ನಮ್ಮ ಹುಡುಗನೊಬ್ಬ ‘ಹೇಗೆ ಗೊತ್ತಾಗುತ್ತೆ ಅಮ್ಮಾ?’ ಎಂದು ಕೇಳಿದ. ಆಕೆ ನಕ್ಕು, ಎರಡು ಚೂರುಗಳನ್ನು ಪಕ್ಕದ ನೀರಿನ ತೊಟ್ಟಿಗೆ ಹಾಕಿದರು. ಬಕೆಟ್ಟಿನ ಚೂರು ತೇಲಿತು, ಟೀವಿ ಕವಚದ ಚೂರು ಮುಳುಗಿತು. ‘ನೋಡಪ್ಪಾ, ಇದರ ಜಾತಿ ಬೇರೆ, ಅದರ ಜಾತಿ ಬೇರೆ. ಎರಡನ್ನೂ ಸೇರಿಸಿ ಕರಗಿಸಿದರೆ ಯಾವುದಕ್ಕೂ ಬರಲ್ಲ.’

ನಾನು ಪುಸ್ತಕದಲ್ಲಿ ಹೇಳಿಕೊಡುವುದು ಇದನ್ನೇ. ಪಾಲಿಥೀನ್, ಪಾಲಿಪ್ರೊಪಿಲೀನ್‌ಗಳ ಸಾಂದ್ರತೆ ನೀರಿಗಿಂತ ಕಡಿಮೆ, ಆದ್ದರಿಂದ ತೇಲುತ್ತವೆ. ಟೀವಿ ಕವಚಕ್ಕೆ ಬಳಸುವ ಪಾಲಿಸ್ಟೈರೀನ್, ಎ.ಬಿ.ಎಸ್.ಗಳ ಸಾಂದ್ರತೆ ತುಸು ಹೆಚ್ಚು, ಮುಳುಗುತ್ತವೆ. ನೀರಿಗೆ ಸಾಕಷ್ಟು ಉಪ್ಪು ಬೆರೆಸಿದರೆ ಅವೂ ತೇಲಿ, ಪಿ.ವಿ.ಸಿ. ಮಾತ್ರ ತಳದಲ್ಲಿ ಉಳಿಯುತ್ತದೆ. ವಿದ್ಯಾರ್ಥಿಗಳು ಇದನ್ನು ಮನೆಯಲ್ಲೇ ಒಂದು ಲೋಟ ನೀರಿನಲ್ಲಿ ಮಾಡಿ ನೋಡಬಹುದು. ಆ ತಾಯಿಗೆ ಆರ್ಕಿಮಿಡೀಸನ ಹೆಸರು ಗೊತ್ತಿಲ್ಲ. ಅವನ ತತ್ವ ಕೈಬೆರಳಲ್ಲಿದೆ.

ಮಾತಿನ ನಡುವೆ ಆಕೆ ಎರಡು ಮೂರು ಸಲ ಕೆಮ್ಮಿದರು. ವಿಚಾರಿಸಿದಾಗ, ಮೊದಲು ಊರಾಚೆ ಬೇರೆ ಕಡೆ ಕೆಲಸಕ್ಕಿದ್ದೆನೆಂದರು. ಅಲ್ಲಿ ತಾಮ್ರಕ್ಕಾಗಿ ರಾತ್ರಿ ಹೊತ್ತು ವೈರು ಸುಡುತ್ತಿದ್ದರಂತೆ. ‘ಹೊಗೆ ಕಣ್ಣಿಗೆ ಬಂದ್ರೆ ತೊಳಕೋಬಹುದು ಸಾರ್, ಎದೆಗೆ ಹೋದ್ರೆ ಏನು ಮಾಡೋದು?’ ಮಕ್ಕಳು ಸುಮ್ಮನಾದರು.

ವೈರಿನ ಮೇಲಿನ ಪಿ.ವಿ.ಸಿ. ಹೊದಿಕೆಯಲ್ಲಿ ಇರುವುದೇನು ಎಂಬ ಲೆಕ್ಕವನ್ನು ರೈಲಿನಲ್ಲಿ ಹಿಂದಿರುಗುವಾಗ ಹಾಕಿದೆವು. ಅದರ ಸೂತ್ರದ ಒಂದು ಘಟಕದಲ್ಲಿ ಎರಡು ಇಂಗಾಲ, ಮೂರು ಹೈಡ್ರೊಜನ್, ಒಂದು ಕ್ಲೋರಿನ್. 62.5ರಲ್ಲಿ 35.5 ಕ್ಲೋರಿನ್. ಅಂದರೆ ಶುದ್ಧ ಪಿ.ವಿ.ಸಿ.ಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಕ್ಲೋರಿನ್. ಸುಟ್ಟಾಗ ಅದು ಹೈಡ್ರೊಜನ್ ಕ್ಲೋರೈಡ್ ಅನಿಲವಾಗಿ ಹೊರಬಂದು ಶ್ವಾಸನಾಳದ ತೇವದಲ್ಲಿ ಆಮ್ಲವಾಗುತ್ತದೆ. ಜೊತೆಗೆ ಡೈಆಕ್ಸಿನ್ ಎಂಬ, ಬಹುಕಾಲ ನಾಶವಾಗದ ವಿಷಗಳೂ ಹುಟ್ಟುತ್ತವೆ. ರಾಶಿ ಸಂರಕ್ಷಣಾ ನಿಯಮ ಇಲ್ಲಿಯೂ ಸುಳ್ಳಾಗುವುದಿಲ್ಲ. ನಮ್ಮ ಮನೆಯ ವೈರಿನ ಕ್ಲೋರಿನ್ ಯಾರದೋ ಎದೆಯಲ್ಲಿ ಇರುತ್ತದೆ.

ಶಿವಗಂಗೆಯ ಕಡೆಗೆ

ಮೂರನೆಯ ಪ್ರಯಾಣ ತುಮಕೂರು ರಸ್ತೆಯಲ್ಲಿ. ಬೆಂಗಳೂರಿನಿಂದ ಸುಮಾರು 50 ಕಿಲೊಮೀಟರ್ ದೂರದ ದಾಬಸ್‌ಪೇಟೆಯಲ್ಲಿ ಬಸ್ಸಿಳಿದರೆ ಶಿವಗಂಗೆ ಬೆಟ್ಟ ಕಣ್ಣೆದುರಿಗೇ. ಅಲ್ಲಿ ಗಂಗಾಧರೇಶ್ವರನಿಗೆ ಹಚ್ಚಿದ ತುಪ್ಪ ಬೆಣ್ಣೆಯಾಗುತ್ತದೆಂಬ ನಂಬಿಕೆ ನಾಡಿಗೆಲ್ಲ ಗೊತ್ತು. ಆ ಬೆಟ್ಟದ ಆಸುಪಾಸಿನ ಕೈಗಾರಿಕಾ ಪ್ರದೇಶದಲ್ಲಿಯೇ, ತಯಾರಾದ ವಸ್ತುವನ್ನು ಮತ್ತೆ ಅದರ ಮೂಲಕ್ಕೆ ತಿರುಗಿಸುವ ಇನ್ನೊಂದು ಕೆಲಸ ನಡೆಯುತ್ತಿದೆ. ದೇಶದಲ್ಲಿ ಸರ್ಕಾರದ ಅನುಮತಿ ಪಡೆದು ಶುರುವಾದ ಮೊದಲ ಇ-ತ್ಯಾಜ್ಯ ಮರುಬಳಕೆ ಘಟಕಗಳಲ್ಲೊಂದಾದ ‘ಇ-ಪರಿಸರ’ 2005ರಲ್ಲಿ ಆರಂಭವಾದದ್ದು ಈ ದಾಬಸ್‌ಪೇಟೆಯಲ್ಲೇ.

ಅಧಿಕೃತ ಘಟಕಗಳಲ್ಲಿಯೂ ಮೊದಲ ಕೆಲಸ ಕೈಯಿಂದಲೇ: ಸ್ಕ್ರೂ ಬಿಚ್ಚುವುದು, ಭಾಗ ಬೇರ್ಪಡಿಸುವುದು. ವ್ಯತ್ಯಾಸವಿರುವುದು ಮುಂದಿನ ಹಂತಗಳಲ್ಲಿ. ಹಳೆಯ ಟೀವಿಯ ದಪ್ಪ ಗಾಜಿನ ಕೊಳವೆಯನ್ನೇ ತೆಗೆದುಕೊಳ್ಳಿ. ಒಳಗೆ ಹುಟ್ಟುವ ಕ್ಷ-ಕಿರಣಗಳು ನೋಡುಗರನ್ನು ಮುಟ್ಟದಿರಲೆಂದು ಅದರ ಗಾಜಿಗೆ ಸೀಸ ಬೆರೆಸಿರುತ್ತಾರೆ. ಒಳಗೆ ನಿರ್ವಾತವಿರುವುದರಿಂದ ಸುತ್ತಿಗೆಯಿಂದ ಹೊಡೆದರೆ ಗಾಜು ಒಳಕ್ಕೆ ಕುಸಿದು ಸಿಡಿಯುತ್ತದೆ. ಪ್ರತಿದೀಪ್ತಿ ಪುಡಿ ಗಾಳಿಗೆ ಹಾರುತ್ತದೆ. ಘಟಕಗಳಲ್ಲಿ ಆ ಕೊಳವೆಯನ್ನು ಜೋಪಾನವಾಗಿ ಕತ್ತರಿಸಿ, ಪುಡಿಯನ್ನು ಎಳೆದು ತೆಗೆದು, ಸೀಸದ ಗಾಜನ್ನು ಬೇರೆಯಿಡಬೇಕು. ಸೀಸಕ್ಕೆ ‘ಇಷ್ಟಾದರೆ ಪರವಾಗಿಲ್ಲ’ ಎಂಬ ಮಿತಿ ಗೊತ್ತಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಎಲ್ಲರಿಗಿಂತ ಹೆಚ್ಚು ಪೆಟ್ಟು ಬೀಳುವುದು ಬೆಳೆಯುವ ಮಕ್ಕಳ ಮಿದುಳಿಗೆ.

ಫ್ರಿಜ್ಜಿನದು ಇನ್ನೊಂದು ಕಥೆ. ಇಪ್ಪತ್ತೈದು ಮೂವತ್ತು ವರ್ಷ ಹಳೆಯದಾದರೆ ಅದರಲ್ಲಿ ಸಿ.ಎಫ್.ಸಿ. ಅನಿಲ ಇರುವ ಸಂಭವ ಹೆಚ್ಚು. ಈ ಅನಿಲದಿಂದ ಬಿಡುಗಡೆಯಾಗುವ ಒಂದು ಕ್ಲೋರಿನ್ ಪರಮಾಣು ಒಂದು ಲಕ್ಷಕ್ಕೂ ಹೆಚ್ಚು ಓಜೋನ್ ಅಣುಗಳನ್ನು ಒಡೆಯಬಲ್ಲದು. ಇದರ ಅಪಾಯವನ್ನು 1974ರಲ್ಲಿ ಎತ್ತಿ ತೋರಿಸಿದ ಮೊಲಿನಾ ಮತ್ತು ರೋಲೆಂಡ್ ಅವರಿಗೆ, ಕ್ರುಟ್ಜೆನ್ ಜೊತೆ, 1995ರ ರಸಾಯನ ವಿಜ್ಞಾನದ ನೊಬೆಲ್ ಬಂತು. 1987ರ ಮಾಂಟ್ರಿಯಲ್ ಒಪ್ಪಂದದ ಫಲವಾಗಿ ಹೊಸ ಫ್ರಿಜ್ಜುಗಳಲ್ಲಿ ಸಿ.ಎಫ್.ಸಿ. ನಿಂತಿತು. ಹಳೆಯದರೊಳಗಿನದು ಇನ್ನೂ ಇದೆ. ಕೊಳವೆಯನ್ನು ಪಟ್ಟೆಂದು ಕತ್ತರಿಸಿದರೆ ಎರಡು ನಿಮಿಷದಲ್ಲಿ ಆಕಾಶಕ್ಕೆ. ಯಂತ್ರವಿಟ್ಟು ಎಳೆದುಕೊಂಡರೆ ಸಿಲಿಂಡರಿಗೆ.

ನೂರಿನ್ನೂರು ರೂಪಾಯಿಯ ಲೆಕ್ಕ

ಬಸ್ಸಿಗೆ ಕಾಯುವಾಗ ನಮ್ಮೊಡನಿದ್ದ ತಂದೆಯೊಬ್ಬರು ನೇರವಾಗಿ ಕೇಳಿದರು: ‘ಮೇಷ್ಟ್ರೇ, ಬಾಲ್ಕನಿಯಲ್ಲಿ ಹಳೇ ಫ್ರಿಜ್ಜಿದೆ. ಗುಜರಿಯವನು ನೂರಿನ್ನೂರು ಹೆಚ್ಚು ಕೊಡುತ್ತಾನೆ. ರಸೀದಿ ಕೊಡುವ ಕಂಪನಿಯವರು ಕಡಿಮೆ ಕೊಡುತ್ತಾರೆ. ನಾನು ಅಂಗಡಿ ಇಟ್ಟವನು, ಯಾರಿಗೆ ಕೊಡಲಿ?’

ಪ್ರಾಮಾಣಿಕ ಪ್ರಶ್ನೆ. ಅಧಿಕೃತ ಘಟಕದವರು ಅನಿಲ ಎಳೆಯುವ ಯಂತ್ರ, ಹೊಗೆ ಶೋಧಕ, ಕೆಲಸಗಾರರ ಕೈಗವಸುಗಳಿಗೆ ಖರ್ಚು ಮಾಡಬೇಕು. ಆ ಖರ್ಚಿಲ್ಲದವರು ನಮಗೆ ಹೆಚ್ಚು ಕೊಡಬಲ್ಲರು. ನಾಯಂಡಹಳ್ಳಿಯ ಆ ತಾಯಿಯ ಕೆಮ್ಮು ನಮಗೆ ಸಿಗುವ ಹೆಚ್ಚುವರಿ ನೂರಿನ್ನೂರರಲ್ಲಿ ಸೇರಿದೆ. ಹಾಗೆಂದು ಗುಜರಿಯವರನ್ನು ದೂರುವುದು ನ್ಯಾಯವಲ್ಲ. ಅವರಿಲ್ಲದಿದ್ದರೆ ನಮ್ಮ ಊರುಗಳು ಎಂದೋ ಕಸದಲ್ಲಿ ಮುಳುಗುತ್ತಿದ್ದವು. 2022ರಲ್ಲಿ ಪ್ರಪಂಚದಲ್ಲಿ ಹುಟ್ಟಿದ 6.2 ಕೋಟಿ ಟನ್ ಇ-ತ್ಯಾಜ್ಯದಲ್ಲಿ ಸರಿಯಾಗಿ ಸಂಗ್ರಹಿಸಿ ಮರುಬಳಕೆಯಾದುದಕ್ಕೆ ದಾಖಲೆಯಿರುವುದು ಶೇ 22.3ಕ್ಕೆ ಮಾತ್ರ ಎಂದು ವಿಶ್ವಸಂಸ್ಥೆಯ 2024ರ ವರದಿ ಹೇಳುತ್ತದೆ. ಯಾವುದನ್ನು ಯಾರಿಗೆ ಕೊಡಬೇಕೆಂಬುದನ್ನು ಹೊಸ್ತಿಲಲ್ಲೇ ನಿರ್ಧರಿಸಬೇಕಾದವರು ನಾವು.

ನಾವು ಬಸ್ಸಿನಲ್ಲಿ ಕುಳಿತು ಮಾಡಿಕೊಂಡ ಪಟ್ಟಿ ಸರಳವಾಗಿದೆ. ಮರದ ಸಾಮಾನು, ಕಬ್ಬಿಣದ ಬೀರು, ಪಾತ್ರೆ, ಓಡುವ ಅಥವಾ ರಿಪೇರಿಯಾಗುವ ಯಂತ್ರ ಇವೆಲ್ಲ ಧಾರಾಳವಾಗಿ ಗುಜರಿಗೆ, ಇಲ್ಲವೇ ಬೇಕಾದವರಿಗೆ. ಮಕ್ಕಳ ಓದುವ ಮೇಜಿದ್ದರೆ ಹತ್ತಿರದ ಶಾಲೆಯಲ್ಲೊಮ್ಮೆ ವಿಚಾರಿಸಿ. ಅನಿಲವಿರುವ ಫ್ರಿಜ್ಜು ಮತ್ತು ಎ.ಸಿ., ಗಾಜಿನ ಕೊಳವೆಯ ಟೀವಿ, ಕಂಪ್ಯೂಟರು, ಪಾದರಸವಿರುವ ಟ್ಯೂಬ್‌ಲೈಟು ಇವು ಅಧಿಕೃತರಿಗೆ. ಅವರ ಪಟ್ಟಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ಸಿಗುತ್ತದೆ. 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ನಿಯಮಗಳ ಪ್ರಕಾರ, ಇಂಥ ಯಂತ್ರಗಳ ಮರುಬಳಕೆಯ ಹೊಣೆ ತಯಾರಕರ ಮೇಲೂ ಇದೆ. ಇನ್‌ವರ್ಟರ್ ಬ್ಯಾಟರಿಯನ್ನು ಹೊಸದು ಕೊಳ್ಳುವ ಅಂಗಡಿಯಲ್ಲೇ ಹಿಂದಿರುಗಿಸಿ. ಸೋಫಾ, ಸ್ಪಂಜಿನ ಹಾಸಿಗೆಗಳನ್ನು ನಿವೇಶನಕ್ಕೆ ಎಸೆಯದೆ ನಿಮ್ಮ ವಾರ್ಡಿನ ಒಣ ತ್ಯಾಜ್ಯ ಸಂಗ್ರಹ ಕೇಂದ್ರದಲ್ಲಿ ಮೊದಲು ವಿಚಾರಿಸಿ.

ಇನ್ನೊಂದು ಎಚ್ಚರಿಕೆ, ತಾಯಂದಿರು ತಂದೆಯರು ಗಮನಿಸಬೇಕಾದದ್ದು. ಹಳೆಯ ಫ್ರಿಜ್ಜನ್ನು ಹೊರಗಿಡುವುದಾದರೆ ಬಾಗಿಲು ಕಳಚಿಡಿ, ಇಲ್ಲವೇ ಹಗ್ಗದಿಂದ ಬಿಗಿಯಿರಿ. ಕಣ್ಣಾಮುಚ್ಚಾಲೆ ಆಡುವ ಮಕ್ಕಳು ಒಳಗೆ ಸೇರಿ ಉಸಿರುಗಟ್ಟಿದ ಪ್ರಕರಣಗಳಿಂದಾಗಿಯೇ ಅಮೆರಿಕ 1956ರಲ್ಲಿ ಒಳಗಿನಿಂದಲೂ ತೆರೆಯಬಲ್ಲ ಬಾಗಿಲು ಕಡ್ಡಾಯ ಮಾಡುವ ಕಾನೂನು ತಂದದ್ದು. ಚಿಲಕದ ಬದಲು ಅಯಸ್ಕಾಂತದ ಪಟ್ಟಿ ಬಳಕೆಗೆ ಬಂದುದಕ್ಕೆ ಅದೂ ಒಂದು ಕಾರಣ.

ಅಂಗಡಿಯ ಆ ತಂದೆ ಮುಂದಿನ ವಾರ ಫ್ರಿಜ್ಜನ್ನು ಕಳಿಸಿ ರಸೀದಿಯನ್ನು ಮಗನ ಕೈಯಲ್ಲಿ ಶಾಲೆಗೆ ಕೊಟ್ಟು ಕಳಿಸಿದ್ದರು. ಅದರಲ್ಲಿದ್ದ ತೂಕವನ್ನು ಕಪ್ಪುಹಲಗೆಯ ಮೇಲೆ ಬರೆದು, ಅದರ ಯಾವ ಭಾಗ ಯಾವ ಊರಿಗೆ ಹೋಗಬಹುದೆಂದು ಇಡೀ ತರಗತಿ ಚರ್ಚಿಸಿತು. ಆ ದಿನ ಪಾಠ ಮುಂದಕ್ಕೆ ಹೋಗಲಿಲ್ಲ. ಗಂಟೆ ಹೊಡೆದ ಮೇಲೂ ಮಕ್ಕಳು ಎದ್ದಿರಲಿಲ್ಲ.